ಎಎನ್-32ರ ಹೊಟ್ಟೆಯಲ್ಲಿ ಕುಳಿತು ಹೋದವರು ಬರೆಯಿರಿ

ವಿದ್ಯಾರಣ್ಯಪುರದ ಫ್ಲೈಟ್ ಎಂಜಿನಿಯರ್

ಎಲ್ಲರಿಗೂ ನಮಸ್ಕಾರ. ಎಎನ್-32ಕ್ಕೆ ಬದಲಿ ವಿಮಾನ ಹುಡುಕುವ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. 1984ರಲ್ಲಿ ನಮ್ಮ ವಾಯುಪಡೆಗೆ ಬಂದ ಸಾಗಣೆ ವಿಮಾನ ಇದು. ಕೀವ್ ನಗರದ ಆಂಟೊನೊವ್ ಕಾರ್ಖಾನೆಯಲ್ಲಿ ತಯಾರಾಗಿ ನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಇಲ್ಲಿಗೆ ಬಂದಿತು. ಯುದ್ಧವಿಮಾನಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಸಿಗುತ್ತಾರೆ. ಅಕ್ಕಿ ಮೂಟೆ, ಸೀಮೆಎಣ್ಣೆ ಡಬ್ಬ, ಗಾಯಾಳು, ರಜೆಗೆ ಹೊರಟ ಜವಾನ, ಹೀಗೆ ಎಲ್ಲವನ್ನೂ ಎಲ್ಲರನ್ನೂ ಹೊತ್ತ ವಿಮಾನದ ಬಗ್ಗೆ ಬರೆದವರು ತೀರಾ ಕಡಿಮೆ. ಅದರಲ್ಲಿ ಕೆಲಸ ಮಾಡಿದವರೂ ಪ್ರಯಾಣ ಮಾಡಿದವರೂ ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ಕೇಳುವುದು ಒಂದೇ ಪ್ರಶ್ನೆ: ಆ ವಿಮಾನದ ಮೇಲೆ ನಿಮಗೆ ನಂಬಿಕೆ ಹುಟ್ಟಿದ್ದು ಯಾವುದರಿಂದ?

ನನ್ನ ಉತ್ತರ ಎಂಜಿನ್. ಇದರ ಅಣ್ಣ ಎನ್ನಬಹುದಾದ ಎಎನ್-26ರ ಒಂದೊಂದು ಎಂಜಿನ್ನಿಗೆ 2,820 ಅಶ್ವಶಕ್ತಿ. ಅದೇ ಒಡಲಿಗೆ 5,000 ಅಶ್ವಶಕ್ತಿಗೂ ಮೀರಿದ ಎಐ-20 ಎಂಜಿನ್‌ಗಳನ್ನು ಕೂರಿಸಿದ್ದು ಬಿಸಿಲು ನಾಡಿನಲ್ಲೂ ಎತ್ತರದ ಪ್ರದೇಶದಲ್ಲೂ ಭಾರ ಹೊರಬೇಕು ಎಂಬ ಕಾರಣಕ್ಕೆ. ಪ್ರೊಪೆಲ್ಲರಿನ ವ್ಯಾಸ 4.7 ಮೀಟರ್. ಅದು ನೆಲಕ್ಕೂ ಒಡಲಿಗೂ ತಗಲಬಾರದೆಂದು ಎಂಜಿನ್‌ಗಳನ್ನು ರೆಕ್ಕೆಯ ಮೇಲಕ್ಕೆ ಏರಿಸಿದರು. ಕಲ್ಲು ಮಣ್ಣಿನ ರನ್‌ವೇಯಲ್ಲಿ ಇಳಿದಾಗ ಎಂಜಿನ್ ಧೂಳು ನುಂಗದಿರುವುದಕ್ಕೂ ಅದರಿಂದ ಅನುಕೂಲವಾಯಿತು. ಲೇಹ್ ವಿಮಾನ ನಿಲ್ದಾಣ ಇರುವುದು ಸಮುದ್ರಮಟ್ಟದಿಂದ ಹತ್ತೂವರೆ ಸಾವಿರ ಅಡಿಗೂ ಮೇಲೆ. ಅಲ್ಲಿ ಥ್ರಾಟಲ್ ಮುಂದಕ್ಕೆ ತಳ್ಳಿದಾಗ ಎರಡೂ ಎಂಜಿನ್‌ಗಳ ಬಲ ತೋರಿಸುವ ಟಾರ್ಕ್ ಮುಳ್ಳುಗಳು ಜೊತೆಜೊತೆಯಾಗಿ ಏರಿ ನಿಲ್ಲುವುದನ್ನು ನೋಡುತ್ತಿದ್ದರೆ ನನಗೆ ಬೇರೆ ಯಾವ ಭರವಸೆಯೂ ಬೇಕಾಗುತ್ತಿರಲಿಲ್ಲ.

ಮಡಿಕೇರಿಯ ನಿವೃತ್ತ ಹವಾಲ್ದಾರ

ಸರ್, ನೀವು ಮುಂದೆ ಕುಳಿತವರು, ಮುಳ್ಳು ನೋಡಿದಿರಿ. ನಾವು ಹಿಂದೆ ಕುಳಿತವರು, ನಮಗೆ ಕಾಣುತ್ತಿದ್ದುದು ಎದುರು ಸಾಲಿನಲ್ಲಿ ಕುಳಿತವನ ಮುಖ ಮಾತ್ರ.

ಚಂಡೀಗಢದ ಟ್ರಾನ್ಸಿಟ್ ಕ್ಯಾಂಪನ್ನು ನೆನೆಯದ ಫೌಜಿ ಇಲ್ಲ. ಬೆಳಕು ಹರಿಯುವುದಕ್ಕೆ ಬಹಳ ಮೊದಲೇ ಎಬ್ಬಿಸಿ ಸಾಲು ನಿಲ್ಲಿಸುತ್ತಿದ್ದರು. ಮನುಷ್ಯನನ್ನೂ ಅವನ ಸಾಮಾನನ್ನೂ ತೂಗಿ ಮ್ಯಾನಿಫೆಸ್ಟಿನಲ್ಲಿ ಹೆಸರು ಬರೆದ ಮೇಲೆ ಕಾಯುವುದು ಶುರು. ಲೇಹ್ ಕಡೆಯ ಹಾರಾಟಗಳೆಲ್ಲ ಮುಂಜಾನೆಯಲ್ಲೇ. ಹೊತ್ತು ಏರಿದಂತೆ ಗಾಳಿ ಕೆಡುತ್ತದೆ, ಬಿಸಿಯಾದ ತೆಳುಗಾಳಿಯಲ್ಲಿ ವಿಮಾನ ಹೊರುವ ಭಾರವೂ ಕಡಿಮೆಯಾಗುತ್ತದೆ. ಹೀಗಾಗಿ ಹತ್ತು ಗಂಟೆಯಾದರೂ ಕರೆ ಬರದಿದ್ದರೆ ಆ ದಿನದ ಆಸೆ ಬಿಡಬೇಕು. ರಜೆ ಮುಗಿಸಿ ಹೋಗುವವನಿಗೆ ಒಂದು ದಿನ ಹೆಚ್ಚು ಸಿಕ್ಕ ಸಂತೋಷ, ಆಚೆ ಕಡೆ ರಜೆಗೆಂದು ಕಾದು ಕುಳಿತವನಿಗೆ ಅಷ್ಟೇ ಸಂಕಟ.

ಒಳಗೆ ಬೆನ್ನಿಗೆ ಕಿಟಕಿ, ಮಡಿಚುವ ಬೆಂಚು, ನಡುವೆ ಬಲೆ ಬಿಗಿದ ಸಾಮಾನು. ಕಿವಿಗೆ ಹತ್ತಿ. ಮಾತನಾಡಲು ಆಗುವುದಿಲ್ಲ, ಎಲ್ಲವೂ ಕೈಸನ್ನೆ. ಒಂದು ಸಲ ಹಿಮಶಿಖರಗಳ ನಡುವೆ ಸಾಕಷ್ಟು ದೂರ ಸಾಗಿದ ಮೇಲೆ ವಿಮಾನ ವಾಲಿ ತಿರುಗಿತು. ಕಿಟಕಿಯಲ್ಲಿದ್ದ ಬಿಸಿಲು ಎದುರು ಸಾಲಿನ ಮುಖಗಳ ಮೇಲೆ ಹೊರಳಿತು. ವಾಪಸ್ ಹೊರಟಿದ್ದೇವೆ ಎಂದು ಎಲ್ಲರಿಗೂ ಗೊತ್ತಾಯಿತು. ಚಂಡೀಗಢದಲ್ಲಿ ಇಳಿದಾಗ ನಮ್ಮ ಪ್ಲಟೂನಿನ ಹುಡುಗರು ಗೊಣಗಿದರು. ಆಗ ನಮ್ಮ ಸುಬೇದಾರ್ ಸಾಹೇಬರು ಹೇಳಿದ್ದು ಇಷ್ಟೇ: "ಹೋಗಲೇಬೇಕೆಂದು ಹಟ ಹಿಡಿಯದ ಪೈಲಟ್ ಸಿಕ್ಕಿದ್ದಾನೆ, ಊಟ ಮಾಡಿ ಮಲಗಿ." ನನಗೆ ಈ ವಿಮಾನದ ಮೇಲೆ ನಂಬಿಕೆ ಹುಟ್ಟಿದ್ದು ಆ ದಿನ, ಅದು ತಲುಪದೆ ಹಿಂದಿರುಗಿದ ದಿನ.

ಧಾರವಾಡದ ಏರ್‌ಫ್ರೇಮ್ ಫಿಟ್ಟರ್

ಹವಾಲ್ದಾರ್ ಸಾಹೇಬರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಪೈಲಟ್ ಆಕಾಶದಲ್ಲಿ ಬೇಡ ಎನ್ನುವುದಕ್ಕೆ ಮೊದಲೇ ನೆಲದ ಮೇಲೆ ಬೇಡ ಎನ್ನುವವರು ಇದ್ದರು. ಎಫ್-700 ಎಂಬ ಪುಸ್ತಕದಲ್ಲಿ ಪ್ರತಿ ವಿಭಾಗದ ಟ್ರೇಡ್ಸ್‌ಮನ್ ಸಹಿ ಹಾಕದೆ ವಿಮಾನ ಮೇಲೇಳುವಂತಿಲ್ಲ. ಹೈಡ್ರಾಲಿಕ್ ಸೋರಿಕೆ ಮಿತಿಯೊಳಗಿದೆಯೇ, ಟೈರಿನಲ್ಲಿ ಸೀಳು ಇದೆಯೇ, ಹಿಂಬದಿಯ ಬಾಗಿಲಾದ ರ‍್ಯಾಂಪಿನ ಬೀಗ ಸರಿಯಾಗಿ ಕೂರುತ್ತದೆಯೇ ಎಂದು ನೋಡುವವನು ಒಬ್ಬ ಕಾರ್ಪೊರಲ್. ಅವನು ಪೆನ್ನು ಕೆಳಗಿಟ್ಟರೆ ಹೊರಗೆ ಜನರಲ್ ಸಾಹೇಬರು ಕಾದಿದ್ದರೂ ಅಷ್ಟೇ.

ಚಳಿಗಾಲದ ಕೆಲಸದ ಬಗ್ಗೆ ಹೇಳಲೇಬೇಕು. ಲಾಕಿಂಗ್ ವೈರ್ ಎಂದರೆ ಬೋಲ್ಟುಗಳು ಅದುರಿ ಸಡಿಲವಾಗದಂತೆ ಹೆಣೆದು ಕಟ್ಟುವ ಸಣ್ಣ ತಂತಿ. ದಪ್ಪ ಕೈಗವಸು ಹಾಕಿಕೊಂಡು ಅದನ್ನು ಕಟ್ಟಲಾಗದು. ಕೈಗವಸು ತೆಗೆದರೆ ಲೇಹ್‌ನ ಜನವರಿಯಲ್ಲಿ ಲೋಹ ಮುಟ್ಟಿದ ಬೆರಳು ಅಲ್ಲೇ ಅಂಟುತ್ತದೆ. ಇಬ್ಬರು ಸರದಿಯಲ್ಲಿ ಮಾಡುತ್ತಿದ್ದೆವು. ಒಬ್ಬನು ತಂತಿ ಹೆಣೆಯುವಾಗ ಇನ್ನೊಬ್ಬ ಕಂಕುಳಲ್ಲಿ ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ. ಕೆಲಸ ಮುಗಿದ ಮೇಲೆ ಟೂಲ್ ಚೆಕ್. ಪೆಟ್ಟಿಗೆಯಲ್ಲಿ ಪ್ರತಿ ಉಪಕರಣಕ್ಕೂ ಅದರದೇ ಆಕಾರದ ಗುಳಿ ಇರುತ್ತದೆ. ಒಂದು ಗುಳಿ ಖಾಲಿ ಕಂಡರೆ ಆ ಸ್ಪ್ಯಾನರ್ ಸಿಗುವವರೆಗೆ ವಿಮಾನ ನಿಂತಲ್ಲೇ. ಕಂಟ್ರೋಲ್ ರಾಡಿನ ಸಂದಿಯಲ್ಲಿ ಬಿದ್ದಿದ್ದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ತಿಳಿದಿತ್ತು.

ದೊಡ್ಡ ಓವರ್‌ಹಾಲ್ ಕಾನ್ಪುರದ 1 ಬೇಸ್ ರಿಪೇರ್ ಡಿಪೋದಲ್ಲಿ. ಅಲ್ಲಿಂದ ಹೊರಬಂದ ವಿಮಾನ ನೋಡಿದರೆ ನಮಗೆ ಹಬ್ಬ. 2009ರಲ್ಲಿ ಉಕ್ರೇನ್ ಜೊತೆ ಆಧುನೀಕರಣದ ಒಪ್ಪಂದವಾಗಿ ಒಂದಷ್ಟು ವಿಮಾನಗಳು ಅಲ್ಲಿಗೆ ಹೋಗಿ ಬಂದವು. ಉಳಿದವನ್ನು ಕಾನ್ಪುರದಲ್ಲೇ ಮಾಡಬೇಕಿತ್ತು. 2014ರ ನಂತರ ಉಕ್ರೇನ್ ಸ್ಥಿತಿ ಕೆಟ್ಟು ಬಿಡಿಭಾಗ ಬರುವುದು ತಡವಾಯಿತು. ಆ ಹೊತ್ತಿನಲ್ಲಿ ಅವುಗಳನ್ನು ಹಾರಿಸುತ್ತಲೇ ಇದ್ದ ಹುಡುಗರಿಗೆ ನನ್ನ ಸಲಾಂ.

ಮೈಸೂರಿನ ವಿಮಾನಾಸಕ್ತ

ಓದುತ್ತಾ ಮೈ ನವಿರೇಳುತ್ತಿದೆ. ಒಂದು ಸಂದೇಹ. 2008ರಲ್ಲಿ ಲಡಾಖಿನ ಗಡಿಯ ದೌಲತ್ ಬೇಗ್ ಓಲ್ಡಿಯಲ್ಲಿ ಎಎನ್-32 ಇಳಿದದ್ದನ್ನು ಅಷ್ಟು ದೊಡ್ಡ ಸಾಧನೆ ಎನ್ನುವುದೇಕೆ? 1962ರಲ್ಲೇ ಅಲ್ಲಿ ಪ್ಯಾಕೆಟ್ ಎಂಬ ಹಳೆಯ ಸಾಗಣೆ ವಿಮಾನ ಇಳಿದಿತ್ತಲ್ಲವೇ?

ವಿದ್ಯಾರಣ್ಯಪುರದ ಫ್ಲೈಟ್ ಎಂಜಿನಿಯರ್

ಇಳಿದಿತ್ತು, ಜುಲೈ 1962ರಲ್ಲಿ. ಆ ಪ್ಯಾಕೆಟ್‌ಗಳ ಬೆನ್ನಿನ ಮೇಲೆ ಹೆಚ್ಚುವರಿ ಜೆಟ್ ಎಂಜಿನ್ ಕೂರಿಸುತ್ತಿದ್ದರು. 1960ರ ದಶಕದ ನಡುವಿನ ನಂತರ ಆ ರನ್‌ವೇ ಪಾಳು ಬಿತ್ತು. 2008ರ ಮೇ 31ರಂದು ಎಎನ್-32 ಇಳಿದಾಗ ನಾಲ್ಕು ದಶಕಗಳೇ ಕಳೆದಿದ್ದವು. ಪಶ್ಚಿಮ ವಾಯು ಕಮಾಂಡಿನ ಮುಖ್ಯಸ್ಥರಾಗಿದ್ದ ಏರ್ ಮಾರ್ಷಲ್ ಬಾರ್ಬೋರಾ ಅವರೇ ಆ ವಿಮಾನದಲ್ಲಿದ್ದರು.

ಎತ್ತರ 16,614 ಅಡಿ, ಅಂದರೆ 5,000 ಮೀಟರಿಗೂ ಮೇಲೆ. ಎಎನ್-32ರ ತಯಾರಕರು ಹೇಳಿದ್ದ ಮಿತಿ 4,500 ಮೀಟರ್ ಎತ್ತರದ ನಿಲ್ದಾಣಗಳವರೆಗೆ. ಅಲ್ಲಿ ಎಂಜಿನ್ ಆರಿಸಿದರೆ ಮತ್ತೆ ಹೊತ್ತಿಕೊಳ್ಳುತ್ತದೆ ಎಂಬ ಖಾತ್ರಿ ಯಾರೂ ಕೊಡಲಾರರು. ಅಷ್ಟು ಎತ್ತರದಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡೇ ಇಳಿಸಿ, ಏರಿಸಿ ಹೊರಡಬೇಕು. ಒಂದು ಟೈರ್ ಒಡೆದರೂ ವಿಮಾನ ಅಲ್ಲೇ ಉಳಿಯುತ್ತದೆ, ತಳ್ಳಿ ತರುವವರಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಫುಕ್ಚೆ, ಮರುವರ್ಷ ಸೆಪ್ಟೆಂಬರಿನಲ್ಲಿ ನ್ಯೋಮಾ. ಮೂರೂ ಕಡೆ ಇದೇ ವಿಮಾನ. 2013ರಲ್ಲಿ ಅಮೆರಿಕದ ದೊಡ್ಡ ಸಾಗಣೆ ವಿಮಾನ ಸಿ-130ಜೆ ಓಲ್ಡಿಯಲ್ಲಿ ಇಳಿದಾಗ ಚಿತ್ರಗಳು ಎಲ್ಲೆಡೆ ಬಂದವು, ಸಂತೋಷವೇ. ದಾರಿ ತೆರೆದದ್ದು ಯಾರು ಎಂಬುದು ನೆನಪಿರಲಿ.

ಮಂಗಳೂರಿನ ನಿವೃತ್ತ ಸೇನಾ ಶುಶ್ರೂಷಕಿ

ಈ ಚರ್ಚೆಯಲ್ಲಿ ರೋಗಿಗಳ ಮಾತು ಬರಲಿ ಎಂದು ಬರೆಯುತ್ತಿದ್ದೇನೆ.

ಎಎನ್-32ರೊಳಗೆ 24 ಸ್ಟ್ರೆಚರ್‌ಗಳನ್ನು ಅಂತಸ್ತು ಅಂತಸ್ತಾಗಿ ಕಟ್ಟಬಹುದು. ಲೇಹ್, ಥೋಯಿಸ್‌ನಿಂದ ಕೆಳಗೆ ತರುತ್ತಿದ್ದವರಲ್ಲಿ ಗುಂಡು ತಗುಲಿದವರಿಗಿಂತ ಎತ್ತರದ ಕಾಯಿಲೆಯವರೂ ಹಿಮಕಡಿತದವರೂ ಹೆಚ್ಚು. ಶ್ವಾಸಕೋಶದಲ್ಲಿ ನೀರು ತುಂಬುವ ಕಾಯಿಲೆಗೆ ಆಮ್ಲಜನಕ ಕೊಡುತ್ತೇವೆ, ಔಷಧಿ ಕೊಡುತ್ತೇವೆ. ಎಲ್ಲಕ್ಕಿಂತ ದೊಡ್ಡ ಔಷಧಿ ಎಂದರೆ ಎತ್ತರದಿಂದ ಇಳಿಸುವುದು. ಈ ವಿಮಾನದ ಒಳಗಿನ ಗಾಳಿಯ ಒತ್ತಡ ಕಾಯ್ದುಕೊಳ್ಳಬಹುದು. ಪರ್ವತಗಳ ಮೇಲೆ ಹಾರುತ್ತಿದ್ದರೂ ಒಳಗಿನ ರೋಗಿ ಬಿಟ್ಟುಬಂದ ಊರಿಗಿಂತ ಸುಲಭವಾಗಿ ಉಸಿರಾಡುತ್ತಾನೆ.

ಸದ್ದಿನಲ್ಲಿ ಸ್ಟೆತಸ್ಕೋಪ್ ಕೆಲಸಕ್ಕೆ ಬಾರದು. ಉಗುರಿನ ಬಣ್ಣ, ಎದೆಯ ಏರಿಳಿತ, ಕೈಹಿಡಿದು ನಾಡಿ, ಇವೇ ನಮಗೆ ಆಧಾರ. ಉತ್ತರ ಕರ್ನಾಟಕದ ಒಬ್ಬ ಚಿಕ್ಕ ವಯಸ್ಸಿನ ಜವಾನ, ತುಟಿ ನೀಲಿಯಾಗಿದ್ದವನು, ಚಂಡೀಗಢ ಹತ್ತಿರವಾದಂತೆ ಮುಖವಾಡ ಸರಿಸಿ ಏನೋ ಹೇಳಲು ಹೊರಟ. ಬಾಗಿ ಕೇಳಿದೆ. "ಸಿಸ್ಟರ್, ಹಸಿವಾಗುತ್ತಿದೆ" ಎಂದ. ಕನ್ನಡದಲ್ಲೇ ಹೇಳಿದ, ನಾನು ಕನ್ನಡದವಳೆಂದು ಅವನಿಗೆ ತಿಳಿದಿರಲಿಲ್ಲ. ನನ್ನ ಸೇವೆಯಲ್ಲಿ ಅಷ್ಟು ಸಂತೋಷ ಕೊಟ್ಟ ಮಾತು ಇನ್ನೊಂದಿಲ್ಲ.

ಬೆಳಗಾವಿಯ ಪ್ಯಾರಾ ನಾಯಕ್

ಮೇಡಂ, ನಿಮಗೆ ನಮಸ್ಕಾರ.

ನಾವು ಈ ವಿಮಾನ ಹತ್ತುತ್ತಿದ್ದುದು ಇಳಿಯುವುದಕ್ಕಲ್ಲ, ಜಿಗಿಯುವುದಕ್ಕೆ. ಆಗ್ರಾದ ಪ್ಯಾರಾಟ್ರೂಪರ್ಸ್ ತರಬೇತಿ ಶಾಲೆ, ಮಲ್ಪುರಾ ಡ್ರಾಪ್ ಜೋನ್. ಸುಮಾರು 1,250 ಅಡಿ ಎತ್ತರ. ಐದು ಜಿಗಿತ ಮುಗಿದರೆ ಎದೆಗೆ ರೆಕ್ಕೆಯ ಬಿಲ್ಲೆ, ಅದರಲ್ಲಿ ಒಂದು ರಾತ್ರಿಯದು. ಹಿಂದಿನ ರ‍್ಯಾಂಪ್ ಒಡಲಿನ ಅಡಿಗೆ ಜಾರಿ ಸೇರಿಕೊಂಡಾಗ ಬೆಳಕು ಒಮ್ಮೆಲೇ ನುಗ್ಗುತ್ತದೆ. ಜಿಗಿದಾಗ ಪ್ಯಾರಾಶೂಟನ್ನು ತಾನಾಗಿ ಎಳೆದು ತೆರೆಯುವ ಸ್ಟ್ಯಾಟಿಕ್ ಲೈನ್ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಿ, ಮುಂದಿನವನ ಪ್ಯಾಕ್ ನೋಡಿ, ಕೆಂಪು ದೀಪ ಹಸಿರಾಗುವುದಕ್ಕೆ ಕಾಯಬೇಕು. ಆ ಕೆಲವು ಕ್ಷಣ ವಿಮಾನ ಅಲುಗಾಡದೆ ಒಂದೇ ವೇಗದಲ್ಲಿ, ಒಂದೇ ಎತ್ತರದಲ್ಲಿ ಹೋಗಬೇಕು. ಇಲ್ಲದಿದ್ದರೆ ಸಾಲು ಚದುರಿ ಒಬ್ಬ ಹೊಲದಲ್ಲಿ, ಇನ್ನೊಬ್ಬ ಮರದ ಮೇಲೆ. ಎಎನ್-32 ಆ ಹೊತ್ತಿಗೆ ಕಲ್ಲಿನ ಹಾಗೆ ನಿಲ್ಲುತ್ತಿತ್ತು.

ನಮ್ಮೂರಿನ ಮರಾಠಾ ರೆಜಿಮೆಂಟ್‌ಗೂ ಈ ಕಥೆಗೂ ಹಳೆಯ ನಂಟಿದೆ. 1971ರ ಡಿಸೆಂಬರ್ 11ರಂದು ಈಗಿನ ಬಾಂಗ್ಲಾದೇಶದ ಟಂಗೈಲ್‌ನಲ್ಲಿ ಜಿಗಿದ 2 ಪ್ಯಾರಾ ಮೊದಲು ಮರಾಠಾ ಲೈಟ್ ಇನ್‌ಫೆಂಟ್ರಿಯ ಮೂರನೆಯ ಬೆಟಾಲಿಯನ್. ಅವರನ್ನು ಒಯ್ದದ್ದು ಹಿಂದಿನ ತಲೆಮಾರಿನ ವಿಮಾನಗಳು: ಎಎನ್-12, ಪ್ಯಾಕೆಟ್, ಡಕೋಟಾ, ಕಾರಿಬು.

ಹಾಸನದ ಯೋಧನ ಪತ್ನಿ

ನಿಮ್ಮೆಲ್ಲರ ನೆನಪುಗಳ ಮೇಲೆ ಗೌರವವಿದೆ. ಆದರೂ ಕೇಳಲೇಬೇಕು. 2016ರ ಜುಲೈ 22ರಂದು ಚೆನ್ನೈನ ತಾಂಬರಮ್‌ನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ಎಎನ್-32 29 ಜನರೊಂದಿಗೆ ಕಾಣೆಯಾಯಿತು. 2019ರ ಜೂನ್ 3ರಂದು ಜೋರ್ಹಾಟ್‌ನಿಂದ ಅರುಣಾಚಲದ ಮೆಚುಕಾಗೆ ಹೊರಟಿದ್ದು 13 ಜನರನ್ನು ಬಲಿ ತೆಗೆದುಕೊಂಡಿತು. ಅದಕ್ಕೆ ಹತ್ತು ವರ್ಷ ಮೊದಲು, ಅದೇ ಅರುಣಾಚಲದಲ್ಲಿ, ಅದೇ ಜೂನ್ ತಿಂಗಳಿನಲ್ಲಿ ಮತ್ತೆ 13 ಜನ. ಆ ಮನೆಗಳವರು ಇದನ್ನು ಓದಿದರೆ ನಿಮ್ಮ ನಂಬಿಕೆಯ ಮಾತು ಅವರಿಗೆ ಹೇಗೆ ಕೇಳುತ್ತದೆ? ನನ್ನ ಯಜಮಾನರು ಜೋರ್ಹಾಟ್‌ನಲ್ಲಿದ್ದ ಕಾಲದಲ್ಲಿ ಮುಟ್ಟಿದೆ ಎಂಬ ಫೋನ್ ಬರುವವರೆಗೆ ನಾನು ಒಲೆ ಹಚ್ಚುತ್ತಿರಲಿಲ್ಲ.

ಸೂಲೂರಿನಲ್ಲಿದ್ದ ನ್ಯಾವಿಗೇಟರ್, ಈಗ ಯಲಹಂಕ

ಮೇಡಂ, ನೀವು ಕೇಳಿದ್ದು ಸರಿ. ಈ ಮಾತು ಇಲ್ಲದೆ ಈ ಚರ್ಚೆ ಅರ್ಧವಾಗುತ್ತಿತ್ತು.

ಅರುಣಾಚಲದ ಕಣಿವೆಗಳು ಲಡಾಖಿನಂತಲ್ಲ. ಲಡಾಖಿನಲ್ಲಿ ಗಾಳಿ ತೆಳು, ಆದರೆ ಮೋಡವಿಲ್ಲದ ದಿನ ನೂರು ಮೈಲಿ ಕಾಣುತ್ತದೆ. ಅರುಣಾಚಲದಲ್ಲಿ ಕಾಡು, ತೇವ, ಮಧ್ಯಾಹ್ನದ ಹೊತ್ತಿಗೆ ಏಳುವ ಮೋಡ. ಕಣಿವೆಯ ಬಾಯಿ ತೆರೆದಿರುತ್ತದೆ, ಒಳಗೆ ಹೋದ ಮೇಲೆ ಮುಂದಿನ ತಿರುವು ಮುಚ್ಚಿರುತ್ತದೆ. ವಿಮಾನ ತಿರುಗಿಸುವುದಕ್ಕೆ ಬೇಕಾದ ಅಗಲ ಕಣಿವೆಗೆ ಇರುವುದಿಲ್ಲ. 2019ರ ಅವಶೇಷ ಕಂಡದ್ದು ಎಂಟು ದಿನಗಳ ನಂತರ, 12,000 ಅಡಿ ಎತ್ತರದ ಕಡಿದಾದ ಕಾಡಿನಲ್ಲಿ. ಶೋಧಕ್ಕೆ ಹೋದವರೇ ಅಲ್ಲಿಂದ ಬೇಗ ಮರಳಲಾಗಲಿಲ್ಲ.

ಹವಾಲ್ದಾರ್ ಸಾಹೇಬರು ಹಿಂದಿರುಗುವ ನಿರ್ಧಾರದ ಬಗ್ಗೆ ಬರೆದದ್ದನ್ನು ನಾನು ಒಪ್ಪುತ್ತೇನೆ. ಅದರ ಜೊತೆಗೆ ಒಂದು ಕಹಿ ಸತ್ಯವೂ ಇದೆ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ಎಎನ್-12 ಹವಾಮಾನ ಕೆಟ್ಟದ್ದರಿಂದ ಹಿಂದಿರುಗುತ್ತಿದ್ದಾಗಲೇ ರೋಹ್ತಾಂಗ್ ಬಳಿ ಕಾಣೆಯಾಯಿತು. 102 ಜನ. ಅವಶೇಷ ಸಿಕ್ಕಿದ್ದು 2003ರಲ್ಲಿ, ನಾಲ್ವರ ದೇಹಗಳು ಸಿಕ್ಕಿದ್ದು 2024ರಲ್ಲಿ. ಸರಿಯಾದ ನಿರ್ಧಾರ ತೆಗೆದುಕೊಂಡವರನ್ನೂ ಪರ್ವತ ಬಿಡಲಿಲ್ಲ.

2016ರ ವಿಮಾನ ಸಿಕ್ಕಿದ್ದು ಏಳು ವರ್ಷಗಳ ಮೇಲೆ, ಚೆನ್ನೈ ತೀರದಿಂದ ಸುಮಾರು 310 ಕಿಲೋಮೀಟರ್ ದೂರದಲ್ಲಿ, 3,400 ಮೀಟರ್ ಆಳದಲ್ಲಿ. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸ್ವಯಂಚಾಲಿತ ಜಲಾಂತರ್ಗಾಮಿ ಉಪಕರಣ ತೆಗೆದ ಚಿತ್ರಗಳಿಂದ ಅದು ಖಚಿತವಾಯಿತು. ಸಮುದ್ರದ ಮೇಲೆ ಹಾರುವ ಪ್ರತಿ ಸೇನಾ ವಿಮಾನದಲ್ಲೂ ನೀರಿನಡಿಯಿಂದ ಸದ್ದು ಕಳುಹಿಸುವ ಬೀಕನ್ ಇರಲೇಬೇಕು. ಇದು ನನ್ನ ಹಟ, ಎಲ್ಲಿ ಅವಕಾಶ ಸಿಕ್ಕರೂ ಹೇಳುತ್ತೇನೆ. ವಿಮಾನವನ್ನು ನಂಬಿದವರ ಮನೆಗೆ ಏಳು ವರ್ಷ ಉತ್ತರ ಕೊಡದಿರುವುದು ನಾವು ಒಪ್ಪಬಾರದ ಮಾತು.

ಹಾಸನದ ಯೋಧನ ಪತ್ನಿ

ಧನ್ಯವಾದ ಸರ್. ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ.

ಬೆಂಗಳೂರಿನ ಹಿರಿಯ ವಾರಂಟ್ ಆಫೀಸರ್

ನಮ್ಮ ಬೆಂಗಳೂರಿಗೆ ಸೇರಿದ ಒಂದು ಸಂಗತಿ ದಾಖಲಾಗಲಿ. 1987ರ ಜೂನ್ 3ರಂದು ಜಾಫ್ನಾಕ್ಕೆ ಪರಿಹಾರ ಸಾಮಗ್ರಿ ಹೊತ್ತು ಹೊರಟ ದೋಣಿಗಳನ್ನು ಶ್ರೀಲಂಕಾ ನೌಕಾಪಡೆ ಹಿಂದಕ್ಕೆ ಕಳುಹಿಸಿತು. ಮರುದಿನವೇ ಐದು ಎಎನ್-32ಗಳು ಬೆಂಗಳೂರಿನಿಂದ ಹೊರಟು ಜಾಫ್ನಾದ ಮೇಲೆ ಸುಮಾರು 25 ಟನ್ ಸಾಮಗ್ರಿ ಬೀಳಿಸಿ ಬಂದವು. ಕಾವಲಿಗೆ ಮಿರಾಜ್ 2000 ಯುದ್ಧವಿಮಾನಗಳು. ಎಎನ್-32ಗಳು ಬೆಂಗಳೂರಿಗೆ ಬಂದಿದ್ದುದು ಆಗ್ರಾದಿಂದ. ವಿಮಾನದೊಳಗೆ ದೇಶವಿದೇಶಗಳ ಪತ್ರಕರ್ತರೂ ಇದ್ದರು. ಅದರ ರಾಜಕೀಯದ ಬಗ್ಗೆ ಎರಡು ಮಾತುಗಳಿವೆ, ಅದು ಬೇರೆ ಚರ್ಚೆ. ಒಂದೇ ದಿನದ ಅಂತರದಲ್ಲಿ ಹೊರಡಲು ಸಿದ್ಧವಾಗಿದ್ದ ವಿಮಾನಗಳ ಬಗ್ಗೆ ಮಾತ್ರ ನಾನು ಹೇಳುತ್ತಿರುವುದು.

2018ರ ಡಿಸೆಂಬರಿನಲ್ಲಿ ಜಟ್ರೋಫಾ ಬೀಜದಿಂದ ಮಾಡಿದ ಜೈವಿಕ ಇಂಧನ ಬೆರೆಸಿ ನಮ್ಮ ದೇಶದಲ್ಲಿ ಮೊದಲು ಹಾರಿಸಿದ ಸೇನಾ ವಿಮಾನವೂ ಇದೇ. ಪರೀಕ್ಷೆಗೆ ಹೋದವರು ನಮ್ಮ ಬೆಂಗಳೂರಿನ ವಿಮಾನ ಪರೀಕ್ಷಾ ಸಂಸ್ಥೆ ಎಎಸ್‌ಟಿಇಯವರು.

ತುಮಕೂರಿನಿಂದ, ಎಎಸ್‌ಸಿ ಯೋಧನ ಮಗಳು

ನಮಸ್ಕಾರ. ನನ್ನ ತಂದೆ ಸೇನೆಗೆ ಆಹಾರ, ಸಾಮಾನು ಒದಗಿಸುವ ವಿಭಾಗವಾದ ಎಎಸ್‌ಸಿಯಲ್ಲಿದ್ದವರು, ಜೋರ್ಹಾಟ್‌ನಲ್ಲಿ ಏರ್ ಡಿಸ್ಪ್ಯಾಚ್ ಕೆಲಸ. "ವಿಮಾನದಿಂದ ಅಕ್ಕಿ ತಳ್ಳುತ್ತಿದ್ದೆ" ಎನ್ನುವುದಕ್ಕಿಂತ ಹೆಚ್ಚಿಗೆ ಅವರು ಹೇಳುವುದಿಲ್ಲ. ಈಗ ವಯಸ್ಸಾಗಿದೆ. ಅವರಿಂದ ಹೇಳಿಸಿಕೊಳ್ಳಬೇಕಾದರೆ ನಾನು ಏನು ಕೇಳಬೇಕು?

ಶಿವಮೊಗ್ಗದ ಫ್ಲೈಟ್ ಗನ್ನರ್

ಮಗಳೇ, ನಿನ್ನ ತಂದೆ ಮಾಡಿದ್ದು ಸಣ್ಣ ಕೆಲಸವಲ್ಲ. ನಾನು ಅವರಂಥವರ ಪಕ್ಕದಲ್ಲೇ ನಿಂತವನು, ಬರೆಯುತ್ತೇನೆ ಕೇಳು.

ರಸ್ತೆ ಇಲ್ಲದ ಠಾಣೆಗಳಿಗೆ ಆಹಾರ ಹೋಗುತ್ತಿದ್ದುದು ಹೀಗೆ. ಎಣ್ಣೆ, ಔಷಧಿ, ಒಡೆಯುವ ಸಾಮಾನು ಪ್ಯಾರಾಶೂಟಿನಲ್ಲಿ. ಅಕ್ಕಿ, ಉಪ್ಪಿನಂಥವು ಪ್ಯಾರಾಶೂಟ್ ಇಲ್ಲದೆ ನೇರವಾಗಿ. ಹಾಗೆ ಬಿದ್ದ ಚೀಲ ಒಡೆಯುತ್ತದೆ. ಅದಕ್ಕೆ ಒಂದು ಗೋಣಿಯನ್ನು ಸಡಿಲವಾಗಿ ತುಂಬಿ ಇನ್ನೊಂದು ಗೋಣಿಯೊಳಗೆ ಇಟ್ಟು ಹೊಲಿಯುತ್ತಿದ್ದರು. ಒಳಗಿನದು ಒಡೆದರೆ ಹೊರಗಿನದು ಹಿಡಿಯುತ್ತದೆ. ಆ ಹೊಲಿಗೆ, ತೂಕ, ಕಟ್ಟು, ಎಲ್ಲ ಏರ್ ಡಿಸ್ಪ್ಯಾಚಿನವರದು.

ಡ್ರಾಪ್ ಜೋನ್ ಎಂದರೆ ಬೆಟ್ಟಗಳ ನಡುವೆ ಒಂದು ಸಣ್ಣ ಬಯಲು. ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಬೀಳಿಸಲಾಗದು. ವಿಮಾನ ಬೆಟ್ಟದ ಬದಿಯಲ್ಲಿ ವಾಲಿಕೊಂಡು ಸುತ್ತು ಹಾಕಿ ಬರುತ್ತದೆ, ಗಂಟೆ ಬಾರಿಸುತ್ತದೆ, ತಳ್ಳಬೇಕು. ಎರಡು ಕ್ಷಣ ತಡವಾದರೆ ಅಕ್ಕಿ ಕಮರಿಯ ಪಾಲು. ರ‍್ಯಾಂಪ್ ತೆರೆದಿರುವುದರಿಂದ ಗಾಳಿ ಹೊಡೆತ, ನೆಲ ಜಾರು, ಸೊಂಟಕ್ಕೆ ಕಟ್ಟಿದ ಪಟ್ಟಿಯೊಂದೇ ರಕ್ಷಣೆ. ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು ಮುಂದಿನ ಗಂಟೆಗೆ ಮತ್ತೆ ತಳ್ಳಲು ನಿಲ್ಲುವವರನ್ನು ಕಂಡಿದ್ದೇನೆ. ಎಂಜಿನ್, ಪೈಲಟ್, ಫಿಟ್ಟರ್ ಎಂದು ಮೇಲೆ ಎಲ್ಲರೂ ಬರೆದಿದ್ದಾರೆ, ಎಲ್ಲವೂ ನಿಜ. ಕೆಳಗೆ ಕಾದಿದ್ದ ಜವಾನನಿಗೆ ವಿಮಾನದ ಮೇಲೆ ನಂಬಿಕೆ ಬಂದದ್ದು ನಿನ್ನ ತಂದೆಯಂಥವರು ತಳ್ಳಿದ ಚೀಲ ಬಯಲಿನ ಒಳಗೆ ಬಿದ್ದದ್ದರಿಂದ.

ಹೀಗೆ ಕೇಳು: ಯಾವ ಯಾವ ಡ್ರಾಪ್ ಜೋನ್‌ಗೆ ಹೋಗುತ್ತಿದ್ದಿರಿ? ಗೋಣಿ ಹೊಲಿಯುತ್ತಿದ್ದವರು ಯಾರು? ಯಾವ ಸಾಮಾನು ತಳ್ಳುವುದು ಕಷ್ಟ? ಧೈರ್ಯ, ಸಾಹಸ ಎಂದು ಕೇಳಬೇಡ, ಫೌಜಿ ಬಾಯಿ ಮುಚ್ಚಿಬಿಡುತ್ತಾನೆ.

ತುಮಕೂರಿನಿಂದ, ಎಎಸ್‌ಸಿ ಯೋಧನ ಮಗಳು

ಗನ್ನರ್ ಅಂಕಲ್, ನೀವು ಹೇಳಿದಂತೆಯೇ ಕೇಳಿದೆ. ಊಟ ಆರುವವರೆಗೆ ಮಾತನಾಡಿದರು! ಕಷ್ಟದ ಸಾಮಾನು ತಗಡಿನ ಶೀಟುಗಳಂತೆ, ಗಾಳಿಗೆ ಹೊರಳಿ ಕೈ ಕೊಯ್ಯುತ್ತಿದ್ದವು. ಹೆಚ್ಚು ಹೋಗುತ್ತಿದ್ದ ಜಾಗಗಳಲ್ಲಿ ಅರುಣಾಚಲದ ವಿಜಯನಗರದ ಹೆಸರು ಹೇಳಿದರು. ಅಸ್ಸಾಂ ರೈಫಲ್ಸ್‌ನಿಂದ ನಿವೃತ್ತರಾದವರ ಮನೆಗಳು ಅಲ್ಲಿದ್ದವಂತೆ, ಮಕ್ಕಳು ಬಯಲಿನ ಅಂಚಿನಲ್ಲಿ ನಿಂತು ನೋಡುತ್ತಿದ್ದುದು ಮೇಲಿನಿಂದ ಕಾಣುತ್ತಿತ್ತಂತೆ. ಈಗ ಅಲ್ಲಿಗೆ ವಿಮಾನ ಇಳಿಯುತ್ತದೆಯೇ ಎಂದು ಕೇಳುತ್ತಿದ್ದಾರೆ. ಯಾರಾದರೂ ಬಲ್ಲಿರಾ?

ವಿದ್ಯಾರಣ್ಯಪುರದ ಫ್ಲೈಟ್ ಎಂಜಿನಿಯರ್

ಇಳಿಯುತ್ತದೆ ಎಂದು ತಂದೆಯವರಿಗೆ ಹೇಳಮ್ಮಾ. ಅಲ್ಲಿನ ರನ್‌ವೇಯನ್ನು ದುರಸ್ತಿ ಮಾಡಿ 2019ರ ಸೆಪ್ಟೆಂಬರಿನಲ್ಲಿ ಮತ್ತೆ ತೆರೆದರು. ಆ ದಿನ ಅಲ್ಲಿ ಇಳಿದದ್ದು ಎಎನ್-32. ಅವರು ಹೇಳಿದ್ದನ್ನೆಲ್ಲ ಬರೆದಿಡು, ತಗಡಿನ ಶೀಟಿನ ಮಾತನ್ನೂ ಬಿಡದೆ ಇಲ್ಲಿ ಹಾಕು. ಜೋರ್ಹಾಟ್‌ನಲ್ಲಿ ಅವರ ಜೊತೆಗಿದ್ದವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ನೀವೂ ಬರೆಯಿರಿ.